ಯಾರನ್ನು ಕೇಳಿ ಹೊಲಕ್ಕೆ ಬಂದಿರಿ?

“ಯಾರ್ನ ಕೇಳಿ ಹೊಲದಾಗ ಕಾಲಿಟ್ರಿ?”

ಮಲಪ್ರಭೆಯ ದಂಡೆಗೆ ನೀರಿನ ಮಾದರಿಗೆಂದು ಬಾಟಲಿ ಹಿಡಿದು ಬರುವ ಸರ್ಕಾರಿ ಮನುಷ್ಯನಿಗೆ ಈ ಮಾತು ಕಾದೇ ಇರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹೊಳೆಗಿಳಿಯುವ ದಾರಿ ಎಂದರೆ ಯಾರದೋ ಕಬ್ಬಿನ ಹೊಲದ ಬದು, ಯಾರದೋ ಪಂಪ್‌ಸೆಟ್ ಮನೆಯ ಪಕ್ಕದ ಕಾಲುದಾರಿ. ಹೊಳೆ ಊರಿನದು, ಹೊಳೆಗೆ ಹೋಗುವ ನೆಲ ಒಬ್ಬೊಬ್ಬರದು. ಹಳ್ಳಕ್ಕೆ ಕಪ್ಪು ನೀರು ಬಂದಿದೆ, ಮೀನು ಸತ್ತು ತೇಲುತ್ತಿವೆ ಎಂದು ಫೋನು ಮಾಡಿದವನೂ ಇದೇ ಊರಿನವನು, ಬಂದವರನ್ನು ಬದುವಿನ ಮೇಲೆ ನಿಲ್ಲಿಸಿ ಕೇಳುವವನೂ ಇದೇ ಊರಿನವನು. ಒಮ್ಮೊಮ್ಮೆ ಇಬ್ಬರೂ ಒಬ್ಬನೇ ಆಗಿರುವುದುಂಟು.

ಕಾನೂನು ಕೊಡುವ ಉತ್ತರ ಚಿಕ್ಕದು. ಯಾರನ್ನೂ ಕೇಳಬೇಕಾಗಿಲ್ಲ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಧಿಕಾರ ಕೊಟ್ಟ ವ್ಯಕ್ತಿ ಯಾವ ಹೊತ್ತಿನಲ್ಲಾದರೂ, ತನಗೆ ಬೇಕಾದಷ್ಟು ಜನರನ್ನು ಕರೆದುಕೊಂಡು, ಯಾವ ಸ್ಥಳಕ್ಕಾದರೂ ಹೋಗಬಹುದು. ಯಂತ್ರ ನೋಡಬಹುದು, ರಿಜಿಸ್ಟರ್ ತೆಗೆಸಬಹುದು, ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಶೋಧನೆ ಮಾಡಿ ಜಪ್ತಿಯನ್ನೂ ಮಾಡಬಹುದು. ಮುಂಗಡ ನೋಟಿಸು ಬೇಕಿಲ್ಲ. 12 ವರ್ಷ ಕಳೆದು ಬಂದ ಪರಿಸರ ಸಂರಕ್ಷಣಾ ಕಾಯ್ದೆ ಇಷ್ಟು ಧಾರಾಳಿಯಲ್ಲ. ಅದರ 10ನೇ ಕಲಂ ‘ಸೂಕ್ತ ಹೊತ್ತಿನಲ್ಲಿ’ ಎಂಬ ಮಾತು ಸೇರಿಸಿ ಬಾಗಿಲನ್ನು ಸ್ವಲ್ಪ ಕಿರಿದು ಮಾಡಿತು.

ಆದರೆ ನವಿಲುತೀರ್ಥದ ಸುತ್ತಿನ ಹಳ್ಳಿಗಳಿಗೆ ಕಾಯ್ದೆ ಬರುವ ಮೊದಲೇ ಸರ್ಕಾರದ ಕಾಲಿನ ಗುರುತು ಚೆನ್ನಾಗಿತ್ತು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದು ಕಟ್ಟಿದ ಅಣೆಕಟ್ಟು 1972ರ ಹೊತ್ತಿಗೆ ಮುಗಿಯಿತು. ಹಿಂದೆ ನಿಂತ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಆ ನೀರು ನಿಲ್ಲಲು ಮೊದಲು ಸರ್ವೇದವರು ಬಂದರು, ಆಮೇಲೆ ಕಲ್ಲು ನೆಡುವವರು ಬಂದರು, ಕೊನೆಗೆ ನೀರೇ ಬಂತು. ಕಾಲುವೆ ಹರಿದ ಕಡೆ ‘ಅಭಿವೃದ್ಧಿ ಕರ’ ವಸೂಲಿಯವರು ಬಂದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಸಿಟ್ಟು ಸ್ಫೋಟಿಸಿತು. ಗೋಲಿಬಾರ್ ಆಯಿತು, ರೈತರು ಸತ್ತರು, ಪೊಲೀಸರೂ ಸತ್ತರು. ಅಲ್ಲಿಂದ ಹಬ್ಬಿದ ಚಳವಳಿ ಕರ್ನಾಟಕ ರಾಜ್ಯ ರೈತ ಸಂಘವಾಗಿ ಬೆಳೆಯಿತು. ಸಂಘ ಬಲವಾಗಿದ್ದ ಊರುಗಳ ಬಾಗಿಲಲ್ಲಿ ಬೋರ್ಡುಗಳು ಎದ್ದವು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂಬುದು ಆ ಬೋರ್ಡಿನ ತಾತ್ಪರ್ಯ. ಸಾಲ ವಸೂಲಿಗೆ, ಜಪ್ತಿಗೆ ಬರುತ್ತಿದ್ದ ಕಾಲಿಗೆ ಹಾಕಿದ ಬೇಲಿ ಅದು. ಇವತ್ತು ಬೋರ್ಡು ಇಲ್ಲದಿದ್ದರೂ ಅದರ ನೆನಪು ಇದೆ. ಬಾಟಲಿ ಹಿಡಿದು ಬಂದವನನ್ನು ತಡೆದು ಕೇಳುವ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಇದೇ ಪ್ರಶ್ನೆ ಸಮುದ್ರದ ಕೊಳೆ ತೆಗೆಯಲು ಹೋದವರಿಗೂ ಎದುರಾಗುತ್ತದೆ. ಆದರೆ ಬೆಳಗಾವಿ ಜಿಲ್ಲೆಯ ಹೊಲದ ಬದುವಿಗೂ ಸಮುದ್ರದ ಮಾಲಿನ್ಯಕ್ಕೂ ಏನು ಸಂಬಂಧ? ಕಾಯ್ದೆಯ ಪರಿಭಾಷೆಯನ್ನೇ ಓದಿದರೆ ಸಂಬಂಧ ಕಾಣುತ್ತದೆ. 1974ರ ಕಾಯ್ದೆಯಲ್ಲಿ ‘ಹೊಳೆ’ ಎಂದರೆ ನದಿ ಮಾತ್ರವಲ್ಲ. ಹರಿಯುವ ಹಳ್ಳ, ಒಣಗಿದ ಹಳ್ಳ, ಕೆರೆ, ಕಟ್ಟೆ, ನೆಲದೊಳಗಿನ ನೀರು ಎಲ್ಲವೂ ಅದರಲ್ಲಿ ಸೇರುತ್ತವೆ. ರಾಜ್ಯ ಸರ್ಕಾರ ಅಧಿಸೂಚಿಸುವ ಮಟ್ಟಿಗೆ ಸಮುದ್ರವೂ ಸೇರುತ್ತದೆ. ಇನ್ನು 23ನೇ ಕಲಮಿನ ಕೊನೆಯಲ್ಲಿ ಒಂದು ಸಣ್ಣ ವಿವರಣೆ ಇದೆ: ಈ ಕಲಮಿನಲ್ಲಿ ‘ಸ್ಥಳ’ ಎಂದರೆ ಹಡಗೂ ಸೇರಿದಂತೆ. ರಾಮದುರ್ಗದ ಒಣಹಳ್ಳಕ್ಕೂ ಕಾರವಾರದ ಬಂದರಿನಲ್ಲಿ ನಿಂತ ಹಡಗಿಗೂ ಒಂದೇ ಕಲಂ! ಈ ಕಾಯ್ದೆಯನ್ನು ಮೊದಲ ದಿನದಿಂದಲೇ ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಲ್ಲಿನ ಮಂಡಳಿ ಹುಟ್ಟಿತು.

ಭೂಗೋಳವೂ ಹೀಗೆಯೇ ಹೇಳುತ್ತದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದೇ ಕಣಕುಂಬಿಯ ಮಗ್ಗುಲಲ್ಲಿ ಕಳಸಾ ನಾಲೆಯೂ ಇದೆ; ಅದು ಮಹದಾಯಿ ಸೇರಿ ಪಶ್ಚಿಮಕ್ಕೆ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮಲಪ್ರಭೆಗೆ ಆ ಹತ್ತಿರದ ದಾರಿ ಬೇಡವಾಯಿತು. ಸುಮಾರು 304 ಕಿಲೋಮೀಟರ್ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಮುನವಳ್ಳಿಯ ಹಳ್ಳಕ್ಕೆ ಎಸೆದ ಗುಟ್ಕಾ ಚೀಟಿ ಇಷ್ಟು ಅಣೆಕಟ್ಟು ದಾಟಿ ಸಮುದ್ರ ಕಾಣುವುದು ಅಪರೂಪವಿರಬಹುದು. ಆದರೂ ಕಡಲಿಗೆ ಹೋಗುವ ಕೊಳೆಯ ದೊಡ್ಡ ಪಾಲು ಹಡಗಿನಿಂದಲ್ಲ, ನೆಲದಿಂದ ಹೋಗುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 207ನೇ ವಿಧಿ ಇದನ್ನು ಒಪ್ಪಿಕೊಂಡು, ನದಿ, ಅಳಿವೆ, ಕೊಳವೆಗಳಿಂದ ಬರುವ ಮಾಲಿನ್ಯಕ್ಕೆ ಪ್ರತಿ ದೇಶವೂ ಕಾನೂನು ಮಾಡಬೇಕೆಂದು ಹೇಳುತ್ತದೆ. ಭಾರತ 1995ರಲ್ಲಿ ಅದಕ್ಕೆ ಸಹಿ ಗಟ್ಟಿ ಮಾಡಿತು.

ಹಡಗಿನಿಂದ ಬಂದ ಕೊಳೆಯ ಕಥೆಯೂ ಕೊನೆಗೆ ನೆಲದ ಮೇಲೆಯೇ ಮುಗಿಯುತ್ತದೆ. 2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಮಳೆಗಾಳಿಗೆ ಸಿಕ್ಕು ಕಾರವಾರದ ಎದುರಿನ ಆಯ್ಸ್ಟರ್ ರಾಕ್ ಬಂಡೆಗೆ ಬಡಿಯಿತು. ಒಳಗಿದ್ದದ್ದು ಸುಮಾರು 650 ಟನ್ ಇಂಧನ ತೈಲ. ಅದು ಸೋರಿ ಕಾರವಾರದ ತೀರಕ್ಕೂ ಗೋವಾದ ದಕ್ಷಿಣದ ಬೀಚುಗಳಿಗೂ ಹತ್ತಿಕೊಂಡಿತು. 2022ರ ಜೂನ್‌ನಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಹತ್ತಿರ ಮುಳುಗಿತು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಮತ್ತೆ 2025ರ ಮೇ 25ರಂದು ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರುಗಳೊಂದಿಗೆ ಮುಳುಗಿದಾಗ, ಕೊಲ್ಲಂ, ಆಲಪ್ಪುಳದ ಕಡೆ ಜನರ ಮನೆಯ ಹಿಂದೆಯೇ ಕಂಟೇನರು ಬಂದು ನಿಂತವು. ತಿರುವನಂತಪುರದ ಮರಳಿನಲ್ಲಿ ಸಾಬೂದಾನಿಯಂಥ ಪ್ಲಾಸ್ಟಿಕ್ ಹರಳುಗಳು ಚೆಲ್ಲಾಡಿದವು.

ಇಂಥ ಹೊತ್ತಿನಲ್ಲಿ ನೀರಿನ ಮೇಲಿನ ಕೆಲಸ ಕೋಸ್ಟ್ ಗಾರ್ಡಿನದು. ದಡಕ್ಕೆ ಬಂದ ಮೇಲೆ ರಾಜ್ಯ ಸರ್ಕಾರದ ಕೆಲಸ. ದಡ ಸರ್ಕಾರದ್ದೇ ಇರಬಹುದು. ದಡಕ್ಕೆ ಜೆಸಿಬಿ ಇಳಿಸಲು ದಾರಿ ಬೇಕಲ್ಲ? ಎಣ್ಣೆ ಮೆತ್ತಿದ ಮರಳನ್ನು ಒಯ್ದು ಹಾಕಲು ನಾಲ್ಕು ದಿನದ ಮಟ್ಟಿಗೆ ಜಾಗ ಬೇಕಲ್ಲ? ಕರಾವಳಿಯಲ್ಲಿ ಆ ದಾರಿ ಯಾರದೋ ತೆಂಗಿನ ತೋಟದ ಮಧ್ಯೆ ಹೋಗುತ್ತದೆ, ಆ ಜಾಗ ಯಾರದೋ ಮೀನು ಒಣಗಿಸುವ ಅಂಗಳವಾಗಿರುತ್ತದೆ. ಬ್ರಿಟನ್ನಿನವರು 1967ರ ‘ಟೊರಿ ಕ್ಯಾನಿಯನ್’, 1996ರ ‘ಸೀ ಎಂಪ್ರೆಸ್’ ದುರಂತಗಳ ಪೆಟ್ಟು ತಿಂದ ಮೇಲೆ, ಹಡಗಿನ ಕ್ಯಾಪ್ಟನ್ನನಿಗೆ ಆದೇಶ ಕೊಟ್ಟರೆ ಸಾಲದು, ಕರಾವಳಿಯ ಜಮೀನು, ಧಕ್ಕೆ ನೋಡಿಕೊಳ್ಳುವವನಿಗೂ ದಾರಿ ಬಿಡು ಎಂದು ಹೇಳುವ ಅಧಿಕಾರ ಬೇಕು ಎಂದು ಕಂಡುಕೊಂಡು 2003ರಲ್ಲಿ ಕಾಯ್ದೆ ಮಾಡಿದರು. ಕೇರಳ ಬೇರೆ ದಾರಿ ಹಿಡಿಯಿತು. ಎಲ್ಸಾ ಮುಳುಗಿದ್ದನ್ನು ರಾಜ್ಯ ವಿಪತ್ತು ಎಂದು ಘೋಷಿಸಿತು. ಹಾಗೆ ಘೋಷಿಸಿದ ಕೂಡಲೇ 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೈಗೆ ಬರುತ್ತದೆ. ಅದರ 65ನೇ ಕಲಂ ಪ್ರಕಾರ ಜಮೀನು, ಕಟ್ಟಡ, ಶೆಡ್ಡು ಏನನ್ನಾದರೂ ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದು. 66ನೇ ಕಲಂ ಪ್ರಕಾರ ಅದಕ್ಕೆ ಪರಿಹಾರ ಕೊಡಲೇಬೇಕು.

ಈ ಎರಡನೆಯ ಭಾಗವೇ, ಅಂದರೆ ದುಡ್ಡಿನ ಮಾತೇ, ಮಲಪ್ರಭೆಯ ದಂಡೆಗೆ ಬಂದಾಗ ಮಾಯವಾಗುತ್ತದೆ.

ಅದಕ್ಕೆ ಬರುವ ಮುಂಚೆ ಬಾಟಲಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊಳೆಯ ನೀರು ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಬಳಸುವುದು ಅಂಗೈಯಗಲದ 300 ಮಿಲಿ ಲೀಟರಿನ ಗಾಜಿನ ಬಾಟಲಿ. ಬಿರಡೆಯೂ ಗಾಜಿನದೇ. ಅದನ್ನು ನೀರೊಳಗೆ ಓರೆಯಾಗಿ ಇಳಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಗುಳ್ಳೆ ಉಳಿದರೆ ಹೊರಗಿನ ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಮೇಲೆ ದಂಡೆಯ ಮೇಲೆಯೇ ಕೂತು ಎರಡು ದ್ರಾವಣ ಹನಿಸುತ್ತಾರೆ. ಮ್ಯಾಂಗನೀಸ್ ಸಲ್ಫೇಟ್ ಒಂದು, ಅಯೊಡೈಡ್ ಬೆರೆತ ಕ್ಷಾರ ಇನ್ನೊಂದು. ಬಿರಡೆ ಹಾಕಿ ಮೇಲೆ ಕೆಳಗೆ ಮಾಡಿದರೆ, ನೀರಿನಲ್ಲಿ ಆಮ್ಲಜನಕವಿದ್ದಾಗ ಕಂದು ಬಣ್ಣದ ಗಸಿ ಮೋಡದಂತೆ ಎದ್ದು ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಲ್ಯಾಬ್ ಬೇಡ, ವರದಿ ಬೇಡ. ಬದುವಿನ ಮೇಲೆ ನಿಂತು ಜಗಳ ತೆಗೆದವನೂ ಬಗ್ಗಿ ನೋಡಿದರೆ ತಿಳಿದೀತು. ಬಿಳಿ ಕಂಡರೆ ಹೊಳೆ ಉಸಿರು ನಿಲ್ಲಿಸಿದೆ ಎಂದರ್ಥ.

ಈ ಸೀಮೆಯಲ್ಲಿ ಮಲಪ್ರಭೆಯ ನೀರು ತುಂಬಿಕೊಳ್ಳುವ ಇನ್ನೊಂದು ಪಾತ್ರೆಯ ಕಥೆ ಎಲ್ಲರಿಗೂ ಗೊತ್ತು. ರೇಣುಕೆ ದಿನವೂ ಹೊಳೆಗೆ ಬಂದು ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ ನೀರು ಹೊರುತ್ತಿದ್ದಳು. ಮನಸ್ಸು ಒಂದು ಗಳಿಗೆ ಅಲುಗಿದ ದಿನ ಕೊಡ ನಿಲ್ಲಲಿಲ್ಲ. ಮಂಡಳಿಯ ಬಾಟಲಿಯೂ ಹೆಚ್ಚುಕಡಿಮೆ ಅಷ್ಟೇ ನಾಜೂಕು. ಕಾರ್ಖಾನೆಯ ಕೊಳೆನೀರಿನ ಮಾದರಿ ತೆಗೆಯುವಾಗ 21ನೇ ಕಲಂ ಹೇಳಿದಂತೆ ಅಲ್ಲಿಯೇ, ಆಗಲೇ ನೋಟಿಸು ಕೊಡಬೇಕು. ಜಾಗದ ಯಜಮಾನ ಕೇಳಿದರೆ ಅವನ ಎದುರೇ ಮಾದರಿಯನ್ನು ಎರಡು ಭಾಗ ಮಾಡಬೇಕು, ಸೀಲು ಹಾಕಬೇಕು, ಇಬ್ಬರ ಸಹಿಯೂ ಬೀಳಬೇಕು, ತಡಮಾಡದೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ಆ ವರದಿ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ. 1986ರಲ್ಲಿ ದೆಹಲಿ ಹೈಕೋರ್ಟು ಒಂದು ಬಾಟ್ಲಿಂಗ್ ಕಂಪನಿಯ ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಮಾದರಿ ಮಾನ್ಯತೆ ಇಲ್ಲದ ಪ್ರಯೋಗಾಲಯಕ್ಕೆ ಹೋಗಿತ್ತು, ಕೊಡ ಒಡೆಯಿತು.

ಹಾಗಾಗಿ ‘ಒಳಗೆ ಬರುವ ಅಧಿಕಾರ’ ಎಂಬುದನ್ನು ಬಾಗಿಲು ಒದೆಯುವ ಅಧಿಕಾರ ಎಂದು ತಿಳಿಯುವುದು ತಪ್ಪು. ಕಾಯ್ದೆ ಒಳಗೆ ಬರಲು ಬಿಟ್ಟು, ಬಂದವನ ಕೈಯನ್ನು ಹತ್ತು ಕಡೆ ಕಟ್ಟಿಹಾಕಿದೆ. ಅದರಲ್ಲಿ ಒಂದು ಗಂಟು ವಿಶೇಷ ಪ್ರೀತಿಯಿಂದ ಹಾಕಿದಂತಿದೆ. ವಾಸದ ಮನೆಯ ಆವರಣದಲ್ಲಿರುವ, ಮನೆಬಳಕೆಗೆ ಮಾತ್ರ ಉಪಯೋಗಿಸುವ ಬಾವಿಯನ್ನು ನೋಡಬೇಕಾದರೆ ಯಾವಾಗೆಂದರೆ ಆವಾಗ ಹೋಗುವಂತಿಲ್ಲ, ಸೂಕ್ತ ಹೊತ್ತಿನಲ್ಲಿ ಮಾತ್ರ ಹೋಗಬೇಕು. ಕಾರ್ಖಾನೆಗೆ ನಡುರಾತ್ರಿ ಹೋಗಬಹುದು, ಹಡಗಿಗೆ ಹೋಗಬಹುದು. ಹಿತ್ತಲಿನ ಬಾವಿಗೆ ಮಾತ್ರ ಬೆಳಗಾಗಲಿ ಎಂದು ಕಾಯಬೇಕು. 1974ರಲ್ಲಿ ದೆಹಲಿಯಲ್ಲಿ ಕೂತು ಈ ಸಾಲು ಬರೆದವನಿಗೆ ನಸುಕಿನಲ್ಲಿ ಬಾವಿಕಟ್ಟೆಯ ಮೇಲೆ ಮನೆಯ ಹೆಂಗಸರು ಇರುತ್ತಾರೆ ಎಂಬುದು ಗೊತ್ತಿತ್ತೆಂದು ಕಾಣುತ್ತದೆ.

ಇಷ್ಟು ಅಧಿಕಾರ ಇದ್ದೂ ಹೊಳೆ ಹೇಗಿದೆ? 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಮಲಿನ ನದಿ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ ಪಾಲು 17. ಅರ್ಕಾವತಿ, ಕಾವೇರಿ, ತುಂಗಭದ್ರೆಯರ ಜೊತೆ ಮಲಪ್ರಭೆಯ ಹೆಸರೂ ಅದರಲ್ಲಿದೆ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನೇ ದೂರೆಂದು ತೆಗೆದುಕೊಂಡ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಪ್ರತಿ ರಾಜ್ಯವೂ ಸಮಿತಿ ಮಾಡಿ ಕ್ರಿಯಾಯೋಜನೆ ಕೊಡಬೇಕೆಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆದೇಶಿಸಿತು. ರೇಣುಕಾಸಾಗರದಿಂದ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಗುತ್ತದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಜನ ಇದೇ ಸೀಮೆಯ ನೀರಿನಲ್ಲಿ ಮುಳುಗಿ ಏಳುತ್ತಾರೆ. ಆದ್ದರಿಂದ ‘ನದಿ ಸ್ವಲ್ಪ ಕೆಟ್ಟಿದೆ’ ಎಂದು ಹೇಳಿ ಸುಮ್ಮನಾಗುವ ಸ್ಥಿತಿ ಇದಲ್ಲ.

ಕೆಡಿಸುವ ದಾರಿಗಳೂ ಗುಟ್ಟಲ್ಲ. ಪಟ್ಟಣಗಳ ಗಟಾರು ನೀರು ಮೊದಲನೆಯದು. ಕಬ್ಬಿನ ನಾಡಿನಲ್ಲಿ ಡಿಸ್ಟಿಲರಿಯ ಸ್ಪೆಂಟ್‌ವಾಶ್ ಎಂಬುದು ಇನ್ನೊಂದು. ಕಾಕಂಬಿಯಿಂದ ಒಂದು ಲೀಟರು ಸ್ಪಿರಿಟ್ ಇಳಿಸಿದರೆ ಎಂಟರಿಂದ ಹದಿನೈದು ಲೀಟರಿನಷ್ಟು ಕಂದು ನೀರು ಉಳಿಯುತ್ತದೆ. ಮನೆಗಳ ಗಟಾರಿನಲ್ಲಿ ಬಿಓಡಿ, ಅಂದರೆ ಕೊಳೆ ಕರಗಲು ನೀರಿನಿಂದ ಹೀರುವ ಆಮ್ಲಜನಕದ ಲೆಕ್ಕ, ಲೀಟರಿಗೆ ಇನ್ನೂರು-ಮುನ್ನೂರು ಮಿಲಿಗ್ರಾಂ ಇದ್ದರೆ ಇದರಲ್ಲಿ ಹತ್ತಾರು ಸಾವಿರ. ಹೊಳೆಯಲ್ಲಿ ಮೂರು ದಾಟಿದರೆ ಮಲಿನ ಎಂದು ಲೆಕ್ಕ. ಒಂದು ರಾತ್ರಿ ಒಂದು ಟ್ಯಾಂಕರು ಹಳ್ಳಕ್ಕೆ ಬಾಯಿ ಬಿಟ್ಟರೆ ಏನಾಗುತ್ತದೆಂದು ಊಹಿಸಲು ದೊಡ್ಡ ಲೆಕ್ಕ ಬೇಕಿಲ್ಲ. ಆ ಟ್ಯಾಂಕರು ನಿಲ್ಲುವುದು ಕಾರ್ಖಾನೆಯ ಗೇಟಿನಲ್ಲಿ ಅಲ್ಲ, ಯಾರದೋ ಹೊಲದ ಅಂಚಿನಲ್ಲಿ. ಅದಕ್ಕೇ ಹೊಲದೊಳಗೆ ಬರುವ ಅಧಿಕಾರ ಬೇಕು, ಬೆಳಗಾಗುವುದರೊಳಗೆ ಬೇಕು. ಈ ವಿಷಯದಲ್ಲಿ ರೈತನ ಹಕ್ಕಿನ ಹೆಸರಿನಲ್ಲಿ ಬಾಗಿಲು ಹಾಕಬೇಕೆನ್ನುವವರು ಹೆಚ್ಚಿನಂಶ ಟ್ಯಾಂಕರಿನವನಿಗೇ ನೆರವಾಗುತ್ತಾರೆ.

ಆದರೆ ಬದುವಿನ ಮೇಲೆ ನಿಂತವನ ಮಾತಿನಲ್ಲೂ ನ್ಯಾಯವಿದೆ. ಹಳ್ಳದಲ್ಲಿ ಕೊಳೆ ನಿಂತಿದೆ ಎಂದಿಟ್ಟುಕೊಳ್ಳಿ. ಕಾಯ್ದೆಯ 32ನೇ ಕಲಂ ಪ್ರಕಾರ ತುರ್ತಿದ್ದರೆ ಕಾರಣ ಬರೆದಿಟ್ಟು ಮಂಡಳಿ ತಾನೇ ಕೊಳೆ ತೆಗೆಸಬಹುದು. ಜೆಸಿಬಿ ಬರುತ್ತದೆ. ಆಳೆತ್ತರ ಬೆಳೆದ ಕಬ್ಬಿನ ನಡುವೆ ಹತ್ತಡಿ ಅಗಲದ ದಾರಿ ಆಗುತ್ತದೆ, ಹನಿ ನೀರಾವರಿಯ ಪೈಪು ತುಂಡಾಗುತ್ತದೆ, ತೆಗೆದ ಕೆಸರು ಎರಡು ದಿನ ಹೊಲದಲ್ಲೇ ರಾಶಿ ಬೀಳುತ್ತದೆ. ಕೊಳೆ ಬಿಟ್ಟವನು ಬೇರೆ, ಹೊಲ ಕಳೆದುಕೊಂಡವನು ಬೇರೆ. ಇವನಿಗೆ ಏನು ಸಿಗಬೇಕು ಎಂದು ಕಾಯ್ದೆ ತೆರೆದರೆ, ಆ ಹಾಳೆ ಖಾಲಿ. ಅದರ ಬದಲು ಸಿಗುವುದು 59ನೇ ಕಲಂ: ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಸರ್ಕಾರದ ಮೇಲಾಗಲಿ, ಮಂಡಳಿಯ ಸದಸ್ಯರು, ಅಧಿಕಾರಿಗಳ ಮೇಲಾಗಲಿ ದಾವೆ ಹಾಕುವಂತಿಲ್ಲ.

ಬೇರೆ ಕಾಯ್ದೆಗಳಿಗೆ ಈ ಮರೆವು ಇಲ್ಲ. ಇದೇ ಬೆಳಗಾವಿ, ಧಾರವಾಡ ಜಿಲ್ಲೆಗಳ ಹೊಲಗಳಡಿ ದಾಭೋಳ್–ಬೆಂಗಳೂರು ಅನಿಲ ಕೊಳವೆ ಹಾಯ್ದು ಹೋಗಿದೆ. ಅದಕ್ಕೆ ಬಳಸುವುದು 1962ರ ಕೊಳವೆಮಾರ್ಗ ಕಾಯ್ದೆ. ಸರ್ವೇಗೆ ಹೊಲ ಹೊಕ್ಕವರು ಬೆಳೆ ಕೆಡಿಸಿದರೆ ನಷ್ಟ ಕಟ್ಟಿಕೊಡಬೇಕು, ನೆಲದಡಿ ಕೊಳವೆ ಹಾಕುವ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10ರಷ್ಟು ಬೇರೆ ಕೊಡಬೇಕು ಎಂದು ಅದರ 10ನೇ ಕಲಮಿನಲ್ಲಿ ಬರೆದಿದೆ. ಶೇ 10 ಕಡಿಮೆ ಎಂಬ ತಕರಾರು ಹಳೆಯದು, ಸರಿಯಾದದ್ದೂ ಹೌದು. ಆದರೆ ತಕರಾರು ಮಾಡಲಿಕ್ಕಾದರೂ ಒಂದು ಅಂಕಿ ಇದೆ. 2013ರ ಭೂಸ್ವಾಧೀನ ಕಾಯ್ದೆಯಂತೂ ಮನೆಗೆ ಅಂಟಿದ ಅಂಗಳ, ತೋಟಕ್ಕೆ ಸರ್ವೇಯವರು ಕಾಲಿಡಬೇಕಾದರೆ ಏಳು ದಿನ ಮುಂಚೆ ನೋಟಿಸು ಕೊಡಬೇಕೆನ್ನುತ್ತದೆ, ಆದ ಹಾನಿಗೆ ಹಣ ಕೊಡಬೇಕೆನ್ನುತ್ತದೆ. ಗ್ಯಾಸಿನ ಕೊಳವೆಗೆ ಹೊಲ ಬಿಟ್ಟವನಿಗೆ ಲೆಕ್ಕ ಇದೆ, ಅಣೆಕಟ್ಟಿಗೆ ಬಿಟ್ಟವನಿಗೆ ಲೆಕ್ಕ ಇದೆ, ಹೊಳೆ ತೊಳೆಯಲು ಬಿಟ್ಟವನಿಗೆ ಇಲ್ಲ. 1974ರ ಕಾಯ್ದೆಯಲ್ಲಿ ತುರ್ತಾಗಿ ತುಂಬಬೇಕಾದ ತೂತು ಇದು. ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೂ ಉತ್ತರ ಹತ್ತಿರದಲ್ಲೇ ಇದೆ. ಮಾಲಿನ್ಯ ಮಾಡಿದವನೇ ಖರ್ಚು ಹೊರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ತಮಿಳುನಾಡಿನ ವೆಲ್ಲೂರು ಚರ್ಮೋದ್ಯಮದ ಪ್ರಕರಣದಲ್ಲಿ ಹೇಳಿದೆ. ಆ ಖರ್ಚಿನ ಪಟ್ಟಿಯಲ್ಲಿ ತುಳಿದ ಕಬ್ಬಿನ ಸಾಲು ಸೇರಿದರೆ ಆಯಿತು.

ಇನ್ನೊಂದು ತೊಡಕು ಹೊಲದವನೇ ಕೊಳೆ ಬೇಕೆನ್ನುವುದು. ನಗಬೇಕಾಗಿಲ್ಲ. ಹುಬ್ಬಳ್ಳಿ ಮಲಪ್ರಭೆಯ ನೀರು ಕುಡಿದು, ತನ್ನ ಗಟಾರನ್ನು ಉಣಕಲ್ ನಾಲೆಯಲ್ಲಿ ಬಿಟ್ಟು ಬೆಣ್ಣಿಹಳ್ಳಕ್ಕೆ ಕಳಿಸುತ್ತದೆ. ಬೆಣ್ಣಿಹಳ್ಳ ರೋಣದ ಕಡೆ ಮತ್ತೆ ಮಲಪ್ರಭೆಗೇ ಸೇರುತ್ತದೆ. ಹೊಳೆಗೆ ಅದರದೇ ನೀರು ಹಿಂದಿರುಗುತ್ತದೆ, ಆದರೆ ಬೇರೆ ರೂಪದಲ್ಲಿ. ಈ ದಾರಿಯುದ್ದಕ್ಕೂ ರೈತರು ದಶಕಗಳಿಂದ ಗಟಾರು ನೀರನ್ನೇ ಎತ್ತಿ ತರಕಾರಿ, ಹುಲ್ಲು ಬೆಳೆದಿದ್ದಾರೆ. ಬೇಸಿಗೆಯಲ್ಲೂ ಬತ್ತದ ನೀರು, ಜೊತೆಗೆ ಪುಕ್ಕಟೆ ಗೊಬ್ಬರ. ಅಂಥವನ ಹೊಲಕ್ಕೆ ಹೋಗಿ ‘ನಿಮ್ಮ ನೀರು ಸ್ವಚ್ಛ ಮಾಡುತ್ತೇವೆ’ ಎಂದರೆ ಅವನಿಗೆ ಅದು ಉಪಕಾರವಾಗಿ ಕೇಳಿಸುವುದಿಲ್ಲ. 23ನೇ ಕಲಂ ಹಿಡಿದು ಒಳಗೆ ಹೋಗಬಹುದು, ಪಂಪ್‌ಸೆಟ್ಟನ್ನೂ ನೋಡಬಹುದು. ಆದರೆ ಬದಲಿ ನೀರು ಎಲ್ಲಿ ಎಂಬುದಕ್ಕೆ ಯಾವ ಕಲಮಿನಲ್ಲೂ ಉತ್ತರವಿಲ್ಲ. ಶುದ್ಧೀಕರಿಸಿದ ನೀರನ್ನು ಮೊದಲು ಆ ಹೊಲಗಳಿಗೇ ಕೊಡುವ ಏರ್ಪಾಡಿಲ್ಲದೆ ಅಲ್ಲಿಗೆ ನೋಟಿಸು ಒಯ್ಯುವುದು ಜಗಳವನ್ನು ಒಯ್ದಂತೆ.

ಒತ್ತುವರಿಯ ಮಾತು ಬಂದರಂತೂ ಬದು ಯಾವುದು, ದಂಡೆ ಯಾವುದು ಎಂಬುದೇ ಜಗಳ. ನವಿಲುತೀರ್ಥದ ಕೆಳಗೆ ಹೊಳೆಯ ಪಾತ್ರ ಜಾಲಿಕಂಟಿ, ಕಬ್ಬು ಸೇರಿ ಸಣಕಲಾಗಿದೆ. 2019ರ ಆಗಸ್ಟಿನಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಜನಕ್ಕೆ ಅದರ ಬೆಲೆ ತಿಳಿಯಿತು. ಇಲ್ಲಿ ಖಾಸಗಿ ಜಮೀನು ಎಂದು ತಡೆಯುವವನು ಕೆಲವು ಕಡೆ ನಿಂತಿರುವುದೇ ಹೊಳೆಯ ಒಳಗೆ.

2024ರಲ್ಲಿ ಸಂಸತ್ತು ಜಲ ಕಾಯ್ದೆಗೆ ತಿದ್ದುಪಡಿ ತಂದು, ಹಲವು ತಪ್ಪುಗಳಿಗೆ ಇದ್ದ ಜೈಲು ಶಿಕ್ಷೆ ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಮೊದಲಿಗೆ ಅದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ಬೇಕೆಂದರೆ ತಮ್ಮ ಶಾಸನಸಭೆಯಲ್ಲಿ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ಅಡ್ಡಿ ಮಾಡಿದ ಸಣ್ಣ ರೈತನಿಗೆ ಜೈಲಿನ ಭಯ ಬೇಡ ಎಂಬುದು ಒಪ್ಪುವ ಮಾತೇ. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಗೆ ಹದಿನೈದು ಲಕ್ಷ ಎಂದರೆ ಮಾತ್ರ ಅದು ದಂಡವಲ್ಲ, ಬಾಡಿಗೆ.

ಕಾಯ್ದೆ ತಿದ್ದಲು ವರ್ಷಗಳೇ ಹಿಡಿಯಬಹುದು. ತಿದ್ದದೆಯೂ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸ ಎರಡಿವೆ. ಮೊದಲನೆಯದು ಚೀಟಿ. ಹೊಲಕ್ಕೆ ಕಾಲಿಟ್ಟ ಪ್ರತಿ ಸಲವೂ ಕನ್ನಡದಲ್ಲಿ ಒಂದು ಹಾಳೆ ಬರೆದು, ಅದರ ನಕಲನ್ನು ಹೊಲದವನ ಕೈಗೆ ಕೊಡುವುದು. ಯಾರು ಬಂದರು, ಯಾವ ಕಲಮಿನಡಿ, ಎಷ್ಟು ಹೊತ್ತಿಗೆ, ಏನು ಒಯ್ದರು, ಏನು ಮುರಿಯಿತು. ಬಸ್ಸಿನಲ್ಲಿ ಕಂಡಕ್ಟರು ಹತ್ತು ರೂಪಾಯಿಗೆ ಚೀಟಿ ಕೊಡುತ್ತಾನೆ. ಒಬ್ಬನ ನೆಲದ ಮೇಲೆ ಅವನನ್ನು ಕೇಳದೆ ನಡೆದಾಡಿದ್ದಕ್ಕೆ ಒಂದು ಚೀಟಿ ಹೆಚ್ಚಲ್ಲ. ಮುರಿದದ್ದು ಆ ಹಾಳೆಯಲ್ಲಿ ಬರವಣಿಗೆಯಲ್ಲಿದ್ದರೆ ಮುಂದೆ ಮಾಲಿನ್ಯ ಮಾಡಿದವನಿಂದ ವಸೂಲಿ ಮಾಡುವಾಗ ಅದೇ ದಾಖಲೆಯಾಗುತ್ತದೆ.

ಎರಡನೆಯದು ಫಲಿತಾಂಶ ತಿಳಿಸುವುದು. ಮೊದಲ ದಿನ ‘ಯಾರ್ನ ಕೇಳಿ ಬಂದ್ರಿ’ ಎಂದವನೇ ವಾರದ ಮೇಲೆ ಕೇಳುವುದು ಬೇರೆ: “ಬಾಟ್ಲಿ ತುಂಬ್ಕೊಂಡ ಹೋಗಿದ್ರಲ್ಲರೀ, ಏನ ಬಂತ್ರಿ ಅದರಾಗ?” ಕಾಯ್ದೆಯ 22ನೇ ಕಲಂ ಪ್ರಕಾರ ವರದಿಯ ಮೂರು ಪ್ರತಿ ತಯಾರಾಗುತ್ತವೆ. ಒಂದು ಕೊಳೆ ಬಿಟ್ಟ ಜಾಗದ ಯಜಮಾನನಿಗೆ, ಒಂದು ಕೋರ್ಟಿಗಾಗಿ, ಒಂದು ಮಂಡಳಿಯ ಕಡತಕ್ಕೆ. ಆ ನೀರನ್ನು ಹೊಲಕ್ಕೆ ಹಾಯಿಸುವ, ಎಮ್ಮೆಗೆ ಕುಡಿಸುವ ಪಕ್ಕದ ಹೊಲದವನಿಗೆ ನಾಲ್ಕನೆಯ ಪ್ರತಿ ಇಲ್ಲ. ಅವನು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ನೀರಿನ ಬಿಓಡಿ ಗೊತ್ತಾಗಲು ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಸಾಕು. ಬಂದದ್ದೇನು ಎಂದು ಪಕ್ಕದ ಹೊಲದವನಿಗೆ ಗೊತ್ತಾಗಲು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು, ಮೂವತ್ತು ದಿನದ ಗಡುವು.